ಬೆಲ್ಟು ಸಾಣೆ: ಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

ಬೀಜ, ಗೊಬ್ಬರ, ನೀರು ಇವುಗಳ ಮಾತನ್ನು ನಾವು ಆಗಾಗ್ಗೆ ಆಡುತ್ತಲೇ ಇರುತ್ತೇವೆ. ಈ ಹೊತ್ತು ಬೆಳೆದ ಬೆಳೆಗೆ ಕೈ ಹಚ್ಚುವ ಹತ್ಯಾರುಗಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಕುಡುಗೋಲು, ಮಚ್ಚು, ಕೊಡಲಿ, ಗುದ್ದಲಿ, ಮೇವು ಕತ್ತರಿಸುವ ಯಂತ್ರದ ಅಲಗು, ಅಡಿಗೆಮನೆಯ ಈಳಿಗೆಮಣೆ, ಇವೆಲ್ಲಕ್ಕೂ ಬಾಯಿ ಹರಿತವಾಗಿರಬೇಕು. ಬಾಯಿ ಮೊಂಡಾದರೆ ಹತ್ಯಾರು ಇದ್ದೂ ಇಲ್ಲದ ಹಾಗೆಯೇ ಸರಿ.

ಮೊಂಡು ಕುಡುಗೋಲು ಪೈರನ್ನು ಕೊಯ್ಯುವುದಿಲ್ಲ, ಎಳೆಯುತ್ತದೆ. ಎಳೆದಾಗ ಮಾಗಿದ ತೆನೆಯ ಕಾಳು ಉದುರಿ ನೆಲದ ಪಾಲಾಗುತ್ತದೆ. ಬೇರುಸಹಿತ ಕಿತ್ತು ಬಂದ ಪೈರಿನೊಡನೆ ಮಣ್ಣೂ ಕಣಕ್ಕೆ ಬರುತ್ತದೆ. ದಿನವಿಡೀ ಬಗ್ಗಿ ಕೊಯ್ಯುವ ಹೆಣ್ಣುಮಕ್ಕಳ ಮಣಿಕಟ್ಟು ಸಂಜೆಯ ಹೊತ್ತಿಗೆ ನೋಯತೊಡಗುತ್ತದೆ. ಹಿಪ್ಪುನೇರಳೆಯ ಕಡ್ಡಿಯನ್ನು ಮೊಂಡು ಮಚ್ಚಿನಿಂದ ಹೊಡೆದರೆ ಕಡ್ಡಿ ತುಂಡಾಗುವ ಬದಲು ಸೀಳುತ್ತದೆ. ಮೊಂಡು ಹತ್ಯಾರಿಗೆ ಹೆಚ್ಚು ಬಲ ಹಾಕಬೇಕು. ಬಲ ಹಾಕಿದ ಕೈ ಜಾರುತ್ತದೆ. ಹರಿತವಾದ ಕತ್ತಿಯಿಂದ ಕೈಗೆ ಗಾಯವಾಗುತ್ತದೆಂದು ಎಲ್ಲರೂ ಬಲ್ಲರು. ಜಾರುವ ಮೊಂಡು ಕತ್ತಿಯಿಂದಲೂ ಗಾಯವಾಗುವುದುಂಟು ಎಂಬುದನ್ನು ಮಾತ್ರ ಮರೆಯುತ್ತೇವೆ.

ಹಿಂದೆ ಮನೆಯ ಹಿತ್ತಿಲಲ್ಲಿ ಮಸೆಗಲ್ಲು ಇರುತ್ತಿತ್ತು. ಊರಿನಲ್ಲಿ ಆಯ ಪಡೆಯುವ ಕಮ್ಮಾರನಿರುತ್ತಿದ್ದ. ಸಾಣೆ ಹಿಡಿಯುವವನು ಬೀದಿಬೀದಿಗೆ ಬರುತ್ತಿದ್ದ. ಈಗ ಅನೇಕ ಊರುಗಳಲ್ಲಿ ಕುಲುಮೆ ಆರಿದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮೇಜಿನ ಮೇಲೆ ಕೂರಿಸುವ, ಕರೆಂಟಿನಿಂದ ಓಡುವ ಬೆಲ್ಟು ಸಾಣೆಗಳು ಬಂದಿವೆ. ಅಂಗಡಿಯವರು ಇದನ್ನು ಬೆಲ್ಟ್ ಸ್ಯಾಂಡರ್ ಎಂದೂ ಬೆಲ್ಟ್ ಗ್ರೈಂಡರ್ ಎಂದೂ ಕರೆಯುತ್ತಾರೆ. ಮನೆಯ ಹುಡುಗರು ಫೋನಿನಲ್ಲಿ ಚಿತ್ರ ನೋಡಿ ಕೊಳ್ಳೋಣವೆನ್ನುತ್ತಾರೆ. ಕೊಳ್ಳಬೇಕೇ? ಕೊಳ್ಳುವುದಾದರೆ ಯಾವುದನ್ನು? ಅದನ್ನೇ ಈಗ ವಿಚಾರ ಮಾಡೋಣ.

ಯಂತ್ರದ ಸ್ವರೂಪ

ಹಿಟ್ಟಿನ ಗಿರಣಿಯಲ್ಲಿ ಎರಡು ರಾಟೆಗಳ ಮೇಲೆ ಪಟ್ಟಾ ಓಡುವುದನ್ನು ನೀವೆಲ್ಲ ನೋಡಿದ್ದೀರಿ. ಬೆಲ್ಟು ಸಾಣೆಯೂ ಹಾಗೆಯೇ. ಎರಡು ಅಥವಾ ಮೂರು ರಾಟೆಗಳ ಮೇಲೆ, ಹೊರಮೈಗೆ ಗಡಸು ಹರಳನ್ನು ಅಂಟಿಸಿದ ಬಟ್ಟೆಯ ಪಟ್ಟಿ ಸುತ್ತುತ್ತಿರುತ್ತದೆ. ಬಡಗಿಯ ಉಪ್ಪುಕಾಗದವನ್ನು ಉದ್ದಕ್ಕೆ ಕತ್ತರಿಸಿ, ತುದಿಗೆ ತುದಿ ಸೇರಿಸಿ ಬಳೆ ಮಾಡಿದಂತೆ ಎಂದುಕೊಳ್ಳಿ. ಬೆಲ್ಟಿನ ಬೆನ್ನಿಗೆ ಒಂದು ಕಡೆ ಉಕ್ಕಿನ ಚಪ್ಪಟೆ ಹಲಗೆ ಇರುತ್ತದೆ. ಅದಕ್ಕೆ ಬೆನ್ನುಹಲಗೆ ಎನ್ನೋಣ. ಅಲ್ಲಿ ಹತ್ಯಾರನ್ನು ಒತ್ತಿದರೆ ಅಂಚು ಚಪ್ಪಟೆಯಾಗಿ ಸವೆಯುತ್ತದೆ. ಹಲಗೆ ಇಲ್ಲದ ಕಡೆ ಬೆಲ್ಟು ಸ್ವಲ್ಪ ಒಳಕ್ಕೆ ಬಾಗಿ ಕೊಡುತ್ತದೆ. ಅಲ್ಲಿ ಒತ್ತಿದರೆ ಅಂಚು ಕೊಂಚ ಉಬ್ಬಿದಂತೆ ಸವೆಯುತ್ತದೆ. ಕೊಡಲಿಗೂ ಮಚ್ಚಿಗೂ ಈ ಉಬ್ಬು ಬಾಯಿಯೇ ಬಾಳಿಕೆಗೆ ಒಳ್ಳೆಯದು.

ಕಲ್ಲಿನ ಚಕ್ರದ ಸಾಣೆಗಿಂತ ಇದು ಹೇಗೆ ಮೇಲು? ಕಲ್ಲು ಸವೆದಂತೆಲ್ಲ ಅದರ ಗಾತ್ರ ಕಿರಿದಾಗುತ್ತದೆ, ಅಂಚಿನ ವೇಗ ತಗ್ಗುತ್ತದೆ. ಬೆಲ್ಟು ಸವೆದರೆ ಹೊಸದನ್ನು ಹಾಕಿದರಾಯಿತು; ಯಂತ್ರದ ಅಳತೆ ಬದಲಾಗದು. ೬ ಅಂಗುಲದ ಕಲ್ಲಿನ ಸುತ್ತಳತೆ ಸುಮಾರು ೧೯ ಅಂಗುಲ. ಚಿಕ್ಕ ಬೆಲ್ಟಿನ ಉದ್ದವೇ ೩೦ ಅಂಗುಲ. ಆದುದರಿಂದ ಒಂದೊಂದು ಹರಳಿಗೂ ಒಮ್ಮೆ ಉಜ್ಜಿ ಮತ್ತೊಮ್ಮೆ ಉಜ್ಜುವ ನಡುವೆ ಗಾಳಿಯಲ್ಲಿ ತಣಿಯಲು ಹೆಚ್ಚು ಅವಕಾಶ ಸಿಗುತ್ತದೆ. ಬಿರುಕು ಬಿಟ್ಟ ಕಲ್ಲು ಓಡುವಾಗ ಸಿಡಿಯುವ ಭಯವುಂಟು. ಬೆಲ್ಟು ಹರಿದರೆ ಸಾಮಾನ್ಯವಾಗಿ ಪಟಾರೆಂದು ಬಡಿದು ನಿಲ್ಲುತ್ತದೆ. ಹಾಗೆಂದು ಬೆಲ್ಟಿನ ಮುಂದೆ ಅಜಾಗರೂಕತೆ ಸಲ್ಲದು.

ಹರಿತ ಬೇರೆ, ಹದ ಬೇರೆ

ಈ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಯಂತ್ರ ಹರಿತ ಕೊಟ್ಟೀತು, ಹದ ಕೊಡಲಾರದು. ಆದರೆ ಇದ್ದ ಹದವನ್ನು ಅರೆಕ್ಷಣದಲ್ಲಿ ಕೆಡಿಸಬಲ್ಲದು.

ಕಮ್ಮಾರನು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡುತ್ತಾನೆ. ಬರಿಯ ಗಡಸಾದರೆ ಬಾಯಿ ಗಾಜಿನಂತೆ ಉದುರುತ್ತದೆ. ಅದಕ್ಕೆಂದು ಮತ್ತೆ ಹಗುರಾಗಿ ಕಾಯಿಸಿ, ಉಕ್ಕಿನ ಮೇಲೆ ಮೂಡುವ ಬಣ್ಣವನ್ನು ನೋಡುತ್ತ ಹದಕ್ಕೆ ತರುತ್ತಾನೆ. ಸುಮಾರು ೨೨೦ರಿಂದ ೨೩೦ ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಒಣಹುಲ್ಲಿನ ತಿಳಿಹಳದಿ ಬಣ್ಣ ಬರುತ್ತದೆ. ಕಾವು ಏರಿದಂತೆ ಕಂದು, ಆಮೇಲೆ ನೇರಳೆ, ೩೦೦ ಡಿಗ್ರಿಯ ಹತ್ತಿರ ನೀಲಿ. ಬಣ್ಣ ಮುಂದಕ್ಕೆ ಹೋದಷ್ಟೂ ಉಕ್ಕು ಮೆತ್ತಗಾಗುತ್ತ ಹೋಗುತ್ತದೆ.

ಈಗ ಸಾಣೆಗೆ ಬನ್ನಿ. ಕತ್ತಿಯ ಅಂಚು ಕಾಗದದಷ್ಟು ತೆಳು. ವೇಗವಾಗಿ ಓಡುವ ಬೆಲ್ಟಿಗೆ ಅದನ್ನು ಒತ್ತಿ ಹಿಡಿದರೆ ಕಾವು ಹರಿದುಹೋಗಲು ಜಾಗವೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಅಂಚಿನ ಮೇಲೆ ನೀಲಿ ಗೆರೆ ಬೀಳುತ್ತದೆ. ನೀಲಿ ಬಿತ್ತೆಂದರೆ ಕಮ್ಮಾರ ಕೊಟ್ಟ ಗಡಸು ಅಲ್ಲಿ ಇಳಿಯಿತೆಂದೇ ತಿಳಿಯಬೇಕು. ಆ ನೀಲಿಯನ್ನು ಉಜ್ಜಿ ಬೆಳ್ಳಗೆ ಮಾಡಿದರೆ ಬಣ್ಣ ಹೋದೀತು, ಹದ ಮರಳದು. ಅಂಥ ಕುಡುಗೋಲು ಹೊಲಕ್ಕೆ ಹೋದ ಸ್ವಲ್ಪ ಹೊತ್ತಿಗೇ ಮೊಂಡಾಗುತ್ತದೆ. ಆಗ ನಾವು ಉಕ್ಕನ್ನು ಬಯ್ಯುತ್ತೇವೆ. ಮೆತ್ತಗಾದ ಭಾಗವನ್ನು ಪೂರ್ತಿ ಸವೆಸಿ ತೆಗೆಯಬೇಕು, ಇಲ್ಲವೇ ಕುಲುಮೆಗೆ ಒಯ್ದು ಹೊಸದಾಗಿ ಹದ ಹಾಕಿಸಬೇಕು. ಬೇರೆ ದಾರಿಯಿಲ್ಲ.

ಆದುದರಿಂದ ಬೆಲ್ಟು ಸಾಣೆಯನ್ನು ಆರಿಸುವಾಗ ‘ಎಷ್ಟು ಬೇಗ ಸವೆಸುತ್ತದೆ?’ ಎಂದು ಕೇಳುವುದಕ್ಕಿಂತ ‘ಎಷ್ಟು ತಣ್ಣಗೆ ಸವೆಸುತ್ತದೆ?’ ಎಂದು ಕೇಳುವುದು ಜಾಣತನ.

ಮೊದಲು ಹತ್ಯಾರು, ಆಮೇಲೆ ಬೆಲ್ಟು, ಕೊನೆಗೆ ಯಂತ್ರ

ನಮ್ಮಲ್ಲಿ ಎಷ್ಟೋ ಮಂದಿ ಯಂತ್ರವನ್ನು ಮೊದಲು ತಂದು, ಅದರಿಂದ ಏನು ಮಾಡಬಹುದೆಂದು ಆಮೇಲೆ ಯೋಚಿಸುತ್ತಾರೆ. ಇದು ಎತ್ತಿನ ಮುಂದೆ ಗಾಡಿ ಕಟ್ಟಿದಂತೆ. ಮೊದಲು ಮನೆಯಲ್ಲಿರುವ ಹತ್ಯಾರುಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಡಿ. ಯಾವುದು ಹೆಚ್ಚು, ಯಾವುದು ಪದೇ ಪದೇ ಮೊಂಡಾಗುತ್ತದೆ, ನೋಡಿಕೊಳ್ಳಿ. ಅದರ ಮೇಲೆ ಬೆಲ್ಟಿನ ಅಗಲ ನಿರ್ಧಾರವಾಗಬೇಕು.

ಕುಡುಗೋಲು, ಅಡಿಕೆ ಕೊಯ್ಯುವ ಕತ್ತಿ, ಈಳಿಗೆ, ಅಡಿಗೆಮನೆಯ ಚಾಕು, ಇವೇ ಹೆಚ್ಚಾಗಿದ್ದರೆ ೧ ಅಂಗುಲ ಅಗಲ, ೩೦ ಅಂಗುಲ ಉದ್ದದ, ಅಂದರೆ ೨೫ಕ್ಕೆ ೭೬೨ ಮಿಲಿಮೀಟರಿನ ಬೆಲ್ಟು ಹಾಕುವ ಸಣ್ಣ ಯಂತ್ರ ಸಾಕು. ಕುಡುಗೋಲಿನ ಬಾಯಿ ಒಳಕ್ಕೆ ಬಾಗಿರುವುದಲ್ಲವೇ? ಅಗಲ ಬೆಲ್ಟು ಆ ಬಾಗಿನೊಳಕ್ಕೆ ಇಳಿಯುವುದಿಲ್ಲ. ತುದಿಯನ್ನೂ ಬುಡವನ್ನೂ ಮುಟ್ಟಿ ನಡುವೆ ಬಿಟ್ಟುಬಿಡುತ್ತದೆ. ಕಿರಿದಾದ ಬೆಲ್ಟಾದರೆ ಬಾಗಿನ ಜೊತೆಗೆ ಸಾಗುತ್ತದೆ. ಈ ಯಂತ್ರಗಳ ಮೋಟಾರು ಸಾಮಾನ್ಯವಾಗಿ ೨೫೦ರಿಂದ ೩೭೫ ವ್ಯಾಟ್, ಅಂದರೆ ಅರ್ಧ ಹಾರ್ಸ್‌ಪವರಿನ ಒಳಗೆ. ಒಂದು ಮಾತು ಇಲ್ಲೇ ಹೇಳಬೇಕು: ಹಲ್ಲಿರುವ ಕುಡುಗೋಲನ್ನು ಬಾಯಿಯ ಕಡೆಯಿಂದ ಬೆಲ್ಟಿಗೆ ಹಿಡಿದರೆ ಹಲ್ಲೇ ಹೋಗುತ್ತದೆ. ಅದಕ್ಕೆ ಕಮ್ಮಾರನೇ ಗತಿ.

ಬಡಗಿ ಕೆಲಸವೇ ಹೆಚ್ಚು, ಅಂದರೆ ಗುದ್ದಲಿಯ ಕಾವು ನುಣುಪು ಮಾಡುವುದು, ಹಲಗೆ ಉಜ್ಜುವುದು, ನಡುನಡುವೆ ಉಳಿಯ ಬಾಯಿ ನೇರ ಮಾಡುವುದು ಎಂದಾದರೆ ೪ ಅಂಗುಲ ಅಗಲ, ೩೬ ಅಂಗುಲ ಉದ್ದದ, ಅಂದರೆ ೧೦೦ಕ್ಕೆ ೯೧೪ ಮಿಲಿಮೀಟರಿನ ಬೆಲ್ಟಿನ ಯಂತ್ರ ಅನುಕೂಲ. ಇದರ ಪಕ್ಕದಲ್ಲಿ ೬ ಅಂಗುಲದ ತಿರುಗುವ ತಟ್ಟೆಯೂ ಇರುವುದು ರೂಢಿ. ಬೆಲ್ಟನ್ನು ಮಲಗಿಸಿಯೂ ನಿಲ್ಲಿಸಿಯೂ ಕೆಲಸ ಮಾಡಬಹುದು. ಆದರೆ ಕುಡುಗೋಲಿಗೆ ಇದು ಒಗ್ಗದು.

ಊರಿಗೆಲ್ಲ ಸಾಣೆ ಹಿಡಿಯುವ ಅಂಗಡಿ ಇಡುವವರು, ಕೊಡಲಿ, ಮಚ್ಚು, ಗುದ್ದಲಿ, ಕುಂಟೆಯ ಅಲಗು ಮುಂತಾದ ಭಾರದ ಕೆಲಸ ಮಾಡುವವರು, ಚಾಕು ಕತ್ತಿಗಳನ್ನೇ ಮಾಡಿ ಮಾರುವವರು ೨ ಅಂಗುಲ ಅಗಲ, ೭೨ ಅಂಗುಲ ಉದ್ದದ, ಅಂದರೆ ೫೦ಕ್ಕೆ ೧,೮೨೯ ಮಿಲಿಮೀಟರಿನ ಬೆಲ್ಟಿನ ಯಂತ್ರವನ್ನು ನೋಡಬಹುದು. ಇದಕ್ಕೆ ೧½ರಿಂದ ೨ ಹಾರ್ಸ್‌ಪವರಿನ ಮೋಟಾರು ಬೇಕು. ಬೆಲ್ಟು ಉದ್ದವಾದಷ್ಟೂ ತಣ್ಣಗಿರುತ್ತದೆ, ಹೆಚ್ಚು ದಿನ ಬಾಳುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಒಂದು ಮನೆಯ ನಾಲ್ಕು ಕುಡುಗೋಲಿಗೆ ಇದನ್ನು ಕೊಳ್ಳುವುದು ಇಲಿ ಹಿಡಿಯಲು ಬೆಟ್ಟ ಅಗೆದಂತಾದೀತು.

ಇವಲ್ಲದೆ ಅಂಗೈಯಗಲದ ಆಟಿಕೆಯಂಥ ಯಂತ್ರಗಳೂ ಮಾರಾಟಕ್ಕಿವೆ. ೩೩೦ ಮಿಲಿಮೀಟರ್ ಉದ್ದದ ಪುಟ್ಟ ಬೆಲ್ಟು, ಪುಟ್ಟ ಮೋಟಾರು. ಚಾಕುವಿಗೆ, ಕತ್ತರಿಗೆ ಪರವಾಗಿಲ್ಲ. ಮಚ್ಚನ್ನು ಒತ್ತಿದರೆ ನಿಂತುಹೋಗುತ್ತವೆ. ಅಗ್ಗವೆಂದು ಮರುಳಾಗಬೇಡಿ.

ಮತ್ತೊಂದು ಮುಖ್ಯ ಸಂಗತಿ. ಯಂತ್ರವನ್ನು ಒಮ್ಮೆ ಕೊಳ್ಳುತ್ತೀರಿ, ಬೆಲ್ಟನ್ನು ಮತ್ತೆ ಮತ್ತೆ ಕೊಳ್ಳಬೇಕು. ನಿಮ್ಮ ತಾಲ್ಲೂಕಿನ ಪೇಟೆಯಲ್ಲಿ ಯಾವ ಅಳತೆಯ ಬೆಲ್ಟು ಸದಾ ಸಿಗುತ್ತದೆಂದು ಮೊದಲು ವಿಚಾರಿಸಿ, ಆಮೇಲೆ ಯಂತ್ರದ ಮಾತೆತ್ತಿ. ಯಾರಿಗೂ ಗೊತ್ತಿಲ್ಲದ ಅಳತೆಯ ಬೆಲ್ಟು ಬೇಡುವ ಯಂತ್ರ, ಬೆಲ್ಟು ಹರಿದ ದಿನ ಗುಜರಿಗೆ ಸೇರುತ್ತದೆ.

ವೇಗವನ್ನು ನೂಲಿನಿಂದ ಅಳೆಯಿರಿ

‘ಅಲ್ಲ ಸ್ವಾಮೀ, ಅಂಗಡಿಯವನು ಸ್ಪೀಡು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಾನಲ್ಲ’ ಎಂದು ನೀವು ಕೇಳಬಹುದು. ಮರ ಉಜ್ಜುವುದಕ್ಕೆ, ದಪ್ಪ ಕಬ್ಬಿಣ ಸವೆಸುವುದಕ್ಕೆ ಆ ಮಾತು ಸರಿ. ಬಾಯಿ ಹರಿತ ಮಾಡುವುದಕ್ಕೆ ಸರಿಯಲ್ಲ.

ಬೆಲ್ಟಿನ ವೇಗವನ್ನು ನೀವೇ ಲೆಕ್ಕ ಹಾಕಬಹುದು. ಮೋಟಾರು ತಿರುಗಿಸುವ ರಾಟೆಗೆ ಒಂದು ನೂಲು ಸುತ್ತಿ ಸುತ್ತಳತೆ ತೆಗೆಯಿರಿ. ಮೋಟಾರಿನ ಮೇಲಿನ ತಗಡಿನಲ್ಲಿ ಅದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆಂದು ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ಬೆಲ್ಟು ನಿಮಿಷಕ್ಕೆ ಓಡುವ ದೂರ ಬರುತ್ತದೆ. ೪ ಅಂಗುಲ ಅಡ್ಡಗಲದ ರಾಟೆಗೆ ಸುತ್ತಿದ ನೂಲು ೧೨½ ಅಂಗುಲ, ಅಂದರೆ ಒಂದು ಅಡಿಗಿಂತ ಕೊಂಚ ಹೆಚ್ಚು. ಮೋಟಾರು ೧,೪೪೦ ಸುತ್ತಿನದಾದರೆ ಬೆಲ್ಟು ನಿಮಿಷಕ್ಕೆ ಸುಮಾರು ೧,೫೦೦ ಅಡಿ ಓಡುತ್ತದೆ. ೨,೮೫೦ ಸುತ್ತಿನದಾದರೆ ಸುಮಾರು ೩,೦೦೦ ಅಡಿ. ಮೋಟಾರು ನೇರವಾಗಿ ರಾಟೆಯನ್ನು ತಿರುಗಿಸುತ್ತಿದ್ದರೆ ಈ ಲೆಕ್ಕ. ನಮ್ಮ ದೇಶದ ೫೦ ಸೈಕಲ್ಲಿನ ಕರೆಂಟಿಗೆ ಸಿಗುವ ಸಾಮಾನ್ಯ ಮೋಟಾರುಗಳು ಹೆಚ್ಚಾಗಿ ಈ ಎರಡೇ ಬಗೆ.

ತೆಳು ಬಾಯಿಯ ಕುಡುಗೋಲು ಚಾಕುಗಳಿಗೆ ೧,೫೦೦ ಅಡಿ, ಅದಕ್ಕೂ ಕಡಿಮೆಯಾದರೆ ಇನ್ನೂ ಒಳ್ಳೆಯದು. ೩,೦೦೦ ಅಡಿಯಲ್ಲೂ ಹರಿತ ಮಾಡಬಹುದು, ಆದರೆ ಕೈ ಪಳಗಿರಬೇಕು. ವೇಗವನ್ನು ಹೆಚ್ಚು ಕಡಿಮೆ ಮಾಡುವ ಅನುಕೂಲವಿದ್ದರೆ ಅದೇ ಮೇಲು. ಇದಕ್ಕೆ ಎರಡು ದಾರಿಗಳುಂಟು. ಮೋಟಾರಿಗೆ ಚಿಕ್ಕ ಪುಲ್ಲಿ, ಸಾಣೆಯ ರಾಟೆಯ ಅಚ್ಚಿಗೆ ಅದರ ಎರಡರಷ್ಟು ದೊಡ್ಡ ಪುಲ್ಲಿ ಹಾಕಿ, ನಡುವೆ ವಿ-ಬೆಲ್ಟು ತೊಡಿಸಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಇದು ಕಡಿಮೆ ಖರ್ಚಿನ ದಾರಿ. ಎರಡನೆಯದು ಮೂರು ಫೇಸಿನ ಮೋಟಾರು, ಅದಕ್ಕೆ ವಿ.ಎಫ್.ಡಿ. ಎಂಬ ವೇಗ ತಿದ್ದುವ ಪೆಟ್ಟಿಗೆ. ಒಂದೇ ಫೇಸಿನ ಮನೆ ಕರೆಂಟಿನಲ್ಲಿ ಓಡಿಸುವಂಥ ಪೆಟ್ಟಿಗೆಗಳೂ ಇವೆ. ಆದರೆ ಒಂದು ಎಚ್ಚರಿಕೆ: ಸಾಧಾರಣ ಸಿಂಗಲ್ ಫೇಸ್ ಮೋಟಾರಿಗೆ ಫ್ಯಾನಿನ ರೆಗ್ಯುಲೇಟರು ಜೋಡಿಸಿ ನಿಧಾನ ಮಾಡಲು ಹೋಗಬೇಡಿ. ಮೋಟಾರು ಕಾದು ಸುಟ್ಟೀತು.

ಬೆಲ್ಟಿನ ಹರಳು ಮತ್ತು ನಂಬರು

ಹಿಂದೆ ನಮ್ಮ ಸಾಣೆಗಾರರು ಕುರಂದದ ಕಲ್ಲನ್ನು ಪುಡಿ ಮಾಡಿ, ಅರಗಿನೊಡನೆ ಬೆರೆಸಿ ಸಾಣೆಯ ಚಕ್ರ ಮಾಡಿಕೊಳ್ಳುತ್ತಿದ್ದರು. ಈಗಿನ ಬೆಲ್ಟುಗಳ ಮೇಲಿರುವ ಕಂದುಬಣ್ಣದ ಅಲ್ಯುಮಿನಿಯಂ ಆಕ್ಸೈಡ್ ಎಂಬುದು ಅದೇ ಜಾತಿಯ ವಸ್ತು. ಬಾಕ್ಸೈಟ್ ಅದಿರನ್ನು ಕುಲುಮೆಯಲ್ಲಿ ಕರಗಿಸಿ ಇದನ್ನು ತಯಾರಿಸುತ್ತಾರೆ. ಮನೆಯ ಹತ್ಯಾರುಗಳಿಗೂ ಮರಗೆಲಸಕ್ಕೂ ಇದು ಸಾಕು. ಜಿರ್ಕೋನಿಯಾ, ಸೆರಾಮಿಕ್ ಎಂಬ ಬೆಲ್ಟುಗಳು ದುಬಾರಿ. ಹೆಚ್ಚು ಬಲ ಹಾಕಿ ಕಬ್ಬಿಣ ಸವೆಸುವವರಿಗೆ ಮಾತ್ರ ಅವುಗಳ ಬೆಲೆ ಗಿಟ್ಟುತ್ತದೆ.

ಬೆಲ್ಟಿನ ಬೆನ್ನ ಮೇಲೆ ನಂಬರು ಇರುತ್ತದೆ. ನಂಬರು ಚಿಕ್ಕದಾದರೆ ಹರಳು ದಪ್ಪ; ನಂಬರು ದೊಡ್ಡದಾದರೆ ಹರಳು ನಯ. ರಾಗಿಯ ತರಿಗೂ ಹಿಟ್ಟಿಗೂ ಇರುವ ಅಂತರವೆಂದುಕೊಳ್ಳಿ. ಬಾಯಿ ಮುಕ್ಕಾದ ಕೊಡಲಿ ಗುದ್ದಲಿಗೆ ೬೦ ಅಥವಾ ೮೦. ಕುಡುಗೋಲು, ಮಚ್ಚು, ಮೇವಿನ ಅಲಗಿಗೆ ೧೨೦. ಅಡಿಗೆಮನೆಯ ಚಾಕು, ಈಳಿಗೆ, ಬಡಗಿಯ ಉಳಿಗೆ ಮುಗಿಸುವಾಗ ೨೪೦ ಅಥವಾ ೪೦೦. ಕೊನೆಗೆ ಹಳೆಯ ಚರ್ಮದ ತುಂಡಿನ ಮೇಲೆ ಹತ್ತು ಸಲ ಎಳೆದರೆ ಮತ್ತೂ ಚೆನ್ನ. ಎಲ್ಲಕ್ಕೂ ೪೦೦ ಹಾಕಬೇಕೆಂಬ ಹಟ ಬೇಡ. ನಯವಾದ ಬೆಲ್ಟಿನಲ್ಲಿ ಮುಕ್ಕು ತೆಗೆಯಲು ಹೋದರೆ ಬರಿಯ ಕಾವು ಬರುತ್ತದೆ, ಕೆಲಸ ಸಾಗದು.

ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತಿದ್ದರೆ ಬೆಲ್ಟು ಓಡುವ ದಿಕ್ಕಿಗೇ ಬಾಣ ಇರುವಂತೆ ತೊಡಿಸಬೇಕು. ಇಲ್ಲದಿದ್ದರೆ ಜೋಡಣೆ ಬಿಚ್ಚಿಕೊಳ್ಳುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಡಜನುಗಟ್ಟಲೆ ತಂದಿಡಬೇಡಿ. ಬಿಸಿಲ ಝಳಕ್ಕೂ ಮಳೆಗಾಲದ ತೇವಕ್ಕೂ ಜೋಡಣೆಯ ಅಂಟು ಸಡಿಲವಾಗುತ್ತದೆ. ಒಂದೊಂದು ನಂಬರಿನವು ಎರಡೆರಡು ಸಾಕು. ಮಡಿಚಿಡದೆ, ದಪ್ಪನೆಯ ಗುಂಡು ಗೂಟಕ್ಕೆ ತೂಗುಹಾಕಿ, ಒಣಗಿದ ಜಾಗದಲ್ಲಿ ಇಡಿ.

ಅಂಗಡಿಯಲ್ಲಿ ಪರೀಕ್ಷೆ

ದನ ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಯಂತ್ರವನ್ನೂ ಹಾಗೆಯೇ ನೋಡಬೇಕು. ಹೋಗುವಾಗ ಮನೆಯ ಒಂದು ಹಳೆಯ ಕುಡುಗೋಲನ್ನು ಬಟ್ಟೆ ಸುತ್ತಿ ಒಯ್ಯಿರಿ.

ಮೊದಲು ಕರೆಂಟು ಕೊಡದೆ ಬೆಲ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಎಲ್ಲಿಯೂ ತಡೆಯಬಾರದು, ಕರಕರ ಎನ್ನಬಾರದು. ಬೆನ್ನುಹಲಗೆಗೆ ಒಂದು ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿ. ಕೆಳಗೆ ಬೆಳಕು ಕಂಡರೆ ಹಲಗೆ ಚಪ್ಪಟೆಯಾಗಿಲ್ಲ. ತಗಡಿನಂತೆ ತೆಳುವಾಗಿ, ಒತ್ತಿದರೆ ಬಾಗುವ ಹಲಗೆ ಪ್ರಯೋಜನವಿಲ್ಲ. ಹತ್ಯಾರು ಇಡುವ ಪುಟ್ಟ ಮೇಜಿಗೂ ಬೆಲ್ಟಿಗೂ ನಡುವೆ ೨ ಮಿಲಿಮೀಟರಿಗಿಂತ ಹೆಚ್ಚು ಸಂದು ಉಳಿಯದಂತೆ ಬಿಗಿಯಲು ಬರುತ್ತದೆಯೇ ನೋಡಿ. ಸಂದು ದೊಡ್ಡದಾದರೆ ಹತ್ಯಾರು ಅದರೊಳಕ್ಕೆ ಸೆಳೆದುಕೊಂಡು ಹೋಗುತ್ತದೆ. ಅದರ ಹಿಂದೆಯೇ ಬೆರಳೂ ಹೋದೀತು.

ಆಮೇಲೆ ಓಡಿಸಿ. ಬೆಲ್ಟು ಎಡಕ್ಕೋ ಬಲಕ್ಕೋ ಸರಿಯುವುದು ಸಹಜ. ಅದನ್ನು ನಡುವಿಗೆ ತರಲು ಒಂದು ತಿರುಪು ಇರುತ್ತದೆ. ಸ್ವಲ್ಪ ತಿರುವಿದರೆ ಬೆಲ್ಟು ನಡುವೆ ನಿಂತು, ಹತ್ತು ನಿಮಿಷ ಅಲ್ಲಿಯೇ ಓಡಬೇಕು. ಹತ್ತು ನಿಮಿಷವಾದ ಮೇಲೆ ಕುಡುಗೋಲನ್ನು ಹಿಡಿದು ನೋಡಿ. ಹದವಾಗಿ ಒತ್ತಿದರೂ ಬೆಲ್ಟು ನಿಂತರೆ ಒಂದೋ ಮೋಟಾರು ಸಣ್ಣದು, ಇಲ್ಲವೇ ಸ್ಪ್ರಿಂಗಿನ ಬಿಗಿ ಸಾಲದು. ಬೆಲ್ಟು ಬದಲಿಸಿ ತೋರಿಸಿರೆಂದು ಕೇಳಿ. ಅದಕ್ಕೆ ಕಾಲು ಗಂಟೆ, ನಾಲ್ಕು ಸ್ಪ್ಯಾನರು ಬೇಕಾದರೆ ನಿಮಗೂ ಮುಂದೆ ಅಷ್ಟೇ ಬೇಕಾಗುತ್ತದೆ.

ಮೋಟಾರು ಇಂಡಕ್ಷನ್ ಬಗೆಯದೇ ಎಂದು ವಿಚಾರಿಸಿ. ಇದು ಸದ್ದಿಲ್ಲದೆ ಬಹುಹೊತ್ತು ಓಡುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಕಾರ್ಬನ್ ಬ್ರಶ್ಶಿನ ಮೋಟಾರಿರುತ್ತದೆ; ಗದ್ದಲ ಹೆಚ್ಚು, ವೇಗವೂ ಹೆಚ್ಚು, ಬ್ರಶ್ಶೂ ಸವೆಯುತ್ತದೆ. ಗಾರೆಯವರ ಆ್ಯಂಗಲ್ ಗ್ರೈಂಡರಿಗೆ ಬೆಲ್ಟಿನ ಜೋಡಣೆ ಸಿಕ್ಕಿಸಿ ಸಾಣೆ ಮಾಡುವುದನ್ನೂ ಕೆಲವರು ರೂಢಿಸಿಕೊಂಡಿದ್ದಾರೆ. ಆ ಗ್ರೈಂಡರು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನದು. ತೆಳು ಬಾಯಿಯ ಹದಕ್ಕೆ ಅದು ಶತ್ರು.

ಕರೆಂಟಿನ ವಿಷಯ. ಅರ್ಧ ಹಾರ್ಸ್‌ಪವರಿನ ಯಂತ್ರ ಮನೆಯ ೬ ಆಂಪಿಯರಿನ ಪ್ಲಗ್ಗಿನಲ್ಲಿ ಓಡುತ್ತದೆ. ೧½, ೨ ಹಾರ್ಸ್‌ಪವರಿನದಕ್ಕೆ ೧೬ ಆಂಪಿಯರಿನ ಪ್ಲಗ್ಗು, ತಕ್ಕ ದಪ್ಪದ ತಂತಿ ಬೇಕೇ ಬೇಕು. ಮೂರು ಪಿನ್ನು ಇದ್ದರೆ ಸಾಲದು. ಮೂರನೆಯ ಪಿನ್ನಿಗೆ ನಿಜವಾದ ಅರ್ತು ಇದೆಯೇ ಎಂದು ವೈರಿಂಗಿನವರಿಂದ ನೋಡಿಸಿ. ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಪ್ರಾಣಕ್ಕೆ ಕಾವಲು ಇದ್ದಂತೆ. ಸಂಜೆ ವೋಲ್ಟೇಜು ಬಿದ್ದು ದೀಪ ಮಂಕಾದಾಗ ಯಂತ್ರವನ್ನು ಒತ್ತಿ ದುಡಿಸಬೇಡಿ.

ಸಾಣೆ ಹಿಡಿಯುವ ಕ್ರಮ

ಬಾಯಿಯ ಇಳಿಜಾರಿಗೆ ಪೆನ್ನಿನ ಮಸಿ ಬಳಿಯಿರಿ. ಬೆಲ್ಟಿಗೆ ಒಮ್ಮೆ ಹಗುರಾಗಿ ಮುಟ್ಟಿಸಿ ನೋಡಿ. ಮಸಿ ಅಂಚಿನ ತನಕ ಸಮನಾಗಿ ಹೋಗಿದ್ದರೆ ಓರೆ ಸರಿಯಾಗಿದೆ. ಮೇಲಷ್ಟೇ ಹೋಗಿದ್ದರೆ ಹತ್ಯಾರನ್ನು ಕೊಂಚ ಎತ್ತಿ ಹಿಡಿಯಬೇಕು. ಓರೆಯ ಅಂದಾಜಿಗೆ ಒಂದು ಕಾಗದದ ಚೌಕ ಮೂಲೆಯನ್ನು ಮಡಿಚಿ. ಒಂದು ಮಡಿಕೆಗೆ ೪೫ ಡಿಗ್ರಿ, ಇನ್ನೊಂದು ಮಡಿಕೆಗೆ ೨೨½ ಡಿಗ್ರಿ. ಅಡಿಗೆಮನೆಯ ಚಾಕುವಿಗೆ ಒಂದೊಂದು ಮಗ್ಗುಲಿಗೆ ೧೫ರಿಂದ ೨೦, ಕೊಡಲಿಗೆ ಸುಮಾರು ೨೫, ಒಂದೇ ಮಗ್ಗುಲಿನ ಓರೆಯಿರುವ ಉಳಿಗೆ ೨೫ರಿಂದ ೩೦ ಡಿಗ್ರಿ ಸಾಕು.

ಬೆಲ್ಟು ಮೇಲಿನಿಂದ ಕೆಳಕ್ಕೆ ಓಡುತ್ತಿದ್ದರೆ ಹತ್ಯಾರಿನ ಬಾಯಿಯೂ ಕೆಳಮುಖವಾಗಿರಲಿ. ಬಾಯಿಯನ್ನು ಬೆಲ್ಟಿಗೆ ಎದುರಾಗಿ ಹಿಡಿದರೆ ಅದು ಬೆಲ್ಟನ್ನೇ ಕತ್ತರಿಸಿ ಕೈಯಿಂದ ಚಿಮ್ಮುವ ಸಂಭವವುಂಟು. ಒತ್ತಬೇಡಿ; ಹತ್ಯಾರಿನ ತೂಕವೇ ಸಾಕು. ಬುಡದಿಂದ ತುದಿಗೆ ಒಂದೇ ಓಟದಲ್ಲಿ ಎಳೆಯಿರಿ, ನಡುವೆ ನಿಲ್ಲಬೇಡಿ. ಒಂದೊಂದು ಎಳೆತಕ್ಕೂ ಪಕ್ಕದ ಬಕೆಟ್ಟಿನ ನೀರಿಗೆ ಅದ್ದಿ, ಒರಸದೆ ಮತ್ತೆ ಹಿಡಿಯಿರಿ. ಬಾಯಿಯ ಮೇಲಿನ ನೀರಿನ ಹನಿ ಆರಿತೆಂದರೆ ಪುನಃ ಅದ್ದಬೇಕೆಂದು ಅರ್ಥ. ಸವೆದ ಬೆಲ್ಟಿನಿಂದ ಜಿಪುಣತನ ಮಾಡಬೇಡಿ. ಸವೆದ ಬೆಲ್ಟು ಕಬ್ಬಿಣವನ್ನು ಕತ್ತರಿಸದು, ಉಜ್ಜಿ ಕಾಯಿಸುತ್ತದೆ ಅಷ್ಟೆ. ಒಂದು ಬೆಲ್ಟು ಉಳಿಸಲು ಹೋಗಿ ಹತ್ತು ಕುಡುಗೋಲಿನ ಹದ ಕಳೆಯುವುದು ಲಾಭವಲ್ಲ.

ಮೇವು ಕತ್ತರಿಸುವ ಯಂತ್ರದ ಅಲಗಿಗೆ ಒಂದೇ ಮಗ್ಗುಲಲ್ಲಿ ಓರೆ ಇರುತ್ತದೆ. ಓರೆಯ ಕಡೆ ಮಾತ್ರ ಸಾಣೆ ಹಿಡಿದು, ಚಪ್ಪಟೆ ಬೆನ್ನಿಗೆ ಅಂಚಿನಲ್ಲಿ ಎದ್ದ ಸಣ್ಣ ಎಳೆಯನ್ನು ಮಸೆಗಲ್ಲಿನಿಂದ ತೆಗೆದರೆ ಆಯಿತು. ಒಂದು ಚಕ್ರದ ಅಲಗುಗಳನ್ನೆಲ್ಲ ಸಮನಾಗಿ ಸವೆಸಿ. ಒಂದು ಹೆಚ್ಚು, ಒಂದು ಕಡಿಮೆಯಾದರೆ ಚಕ್ರ ಅದುರುತ್ತದೆ.

ಕಿಡಿ, ಧೂಳು, ಸೆರಗು

ಕಬ್ಬಿಣವನ್ನು ಹಿಡಿದಾಗ ಹಾರುವ ಕಿಡಿ ಚೆಲುವಾಗಿ ಕಾಣುತ್ತದೆ. ಆದರೆ ಅದು ಬೆಂಕಿ. ಹುಲ್ಲಿನ ಬಣವೆ, ಕೊಟ್ಟಿಗೆಯ ಮಾಡು, ಡೀಸೆಲ್ ಡಬ್ಬ, ಗೋಣಿಚೀಲ ಇವುಗಳ ಹತ್ತಿರ ಯಂತ್ರವನ್ನು ಇಡಲೇಬಾರದು. ಇದಕ್ಕಿಂತ ಮೋಸದ ಅಪಾಯ ಮರದ ಪುಡಿಯದು. ಮರ ಉಜ್ಜಿದ ಪುಡಿ ಯಂತ್ರದ ಕೆಳಗೋ ಧೂಳಿನ ಚೀಲದೊಳಗೋ ಉಳಿದಿರುವಾಗ ಕಬ್ಬಿಣ ಹಿಡಿದರೆ, ಒಂದು ಕಿಡಿ ಒಳಗೆ ಸೇರಿ ಹೊಗೆಯೂ ಕಾಣದೆ ಕೊರಗುತ್ತಿದ್ದು, ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳುವುದುಂಟು. ಮರದಿಂದ ಕಬ್ಬಿಣಕ್ಕೆ ಬದಲಾಗುವಾಗ ಪುಡಿಯನ್ನೆಲ್ಲ ಗುಡಿಸಿ, ಚೀಲ ಕಳಚಿ, ಯಂತ್ರ ಒರಸಿ, ಆಮೇಲೆ ಕಬ್ಬಿಣ ಹಿಡಿಯಿರಿ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ತಪ್ಪಿಸಬೇಡಿ. ಹೆಗಲ ಮೇಲಿನ ಟವೆಲು, ಪಂಚೆಯ ಚುಂಗು, ಸೀರೆಯ ಸೆರಗು, ಇಳಿಬಿಟ್ಟ ಜಡೆ, ಕೈಯ ದಾರ, ಇವೆಲ್ಲ ಬೆಲ್ಟಿಗೆ ಸಿಕ್ಕುವಂಥವು. ಬಿಗಿಯಾಗಿ ಕಟ್ಟಿಕೊಂಡು ನಿಲ್ಲಬೇಕು. ಸಡಿಲ ಬಟ್ಟೆಯ ಕೈಗವಸೂ ಬೇಡ. ಅದನ್ನು ಬೆಲ್ಟು ಎಳೆದರೆ ಕೈಯನ್ನೂ ಎಳೆಯುತ್ತದೆ. ಬರಿಗೈಯಾದರೆ ಕಾವೂ ತಿಳಿಯುತ್ತದೆ. ಕೆಲಸ ಮುಗಿದೊಡನೆ ಪ್ಲಗ್ಗು ಕಿತ್ತಿಡಿ. ಮಕ್ಕಳಿರುವ ಮನೆಗಳಲ್ಲಿ ಸ್ವಿಚ್ಚು ಆರಿಸಿದರಷ್ಟೇ ಸಾಲದು.

ಒಬ್ಬರೇ ಕೊಳ್ಳಬೇಕೆ?

ಕೊನೆಯದಾಗಿ, ಎಲ್ಲರ ಮನೆಗೂ ಈ ಯಂತ್ರ ಬೇಕೇ? ಎರಡು ಎಕರೆಯ ಸಂಸಾರಕ್ಕೆ ಒಳ್ಳೆಯ ಮಸೆಗಲ್ಲು, ಒಂದು ಅರ ಇದ್ದರೆ ವರುಷವೆಲ್ಲ ಸಾಗುತ್ತದೆ. ತಿಂಗಳಿಗೆ ಎಷ್ಟು ಹತ್ಯಾರು ಪೇಟೆಗೆ ಹೋಗುತ್ತವೆ, ಅದಕ್ಕೆ ಕೊಡುವ ಹಣವೆಷ್ಟು, ಬಸ್ಸಿನ ಖರ್ಚೆಷ್ಟು, ಕಳೆದ ಅರ್ಧ ದಿನದ ಕೂಲಿ ಎಷ್ಟು, ಒಂದು ಚೀಟಿಯಲ್ಲಿ ಬರೆಯಿರಿ. ಇನ್ನೊಂದು ಕಡೆ ಯಂತ್ರದ ಬೆಲೆಯನ್ನೂ ವರುಷದ ಬೆಲ್ಟಿನ ಖರ್ಚನ್ನೂ ಬರೆಯಿರಿ. ಎಷ್ಟು ವರುಷಕ್ಕೆ ಹಣ ಗಿಟ್ಟುತ್ತದೆಂಬುದು ನಿಮಗೇ ಕಾಣುತ್ತದೆ.

ಗಿಟ್ಟದಿದ್ದರೆ ಎಂಟು ಹತ್ತು ಮನೆಯವರು ಕೂಡಿ, ಇಲ್ಲವೇ ಸ್ವಸಹಾಯ ಸಂಘದ ಮೂಲಕ ಒಂದನ್ನು ಕೊಳ್ಳಬಹುದು. ಆದರೆ ಹತ್ತು ಜನರ ಕೈ ಹತ್ತು ಬಗೆ. ಕೈ ಪಳಗಿದ ಒಬ್ಬರ ಸುಪರ್ದಿಗೆ ಬಿಟ್ಟು, ಒಂದೊಂದು ಹತ್ಯಾರಿಗೆ ಇಷ್ಟೆಂದು ಗೊತ್ತುಮಾಡಿ, ಆ ಹಣವನ್ನು ಬೆಲ್ಟಿಗೂ ಅವರ ಶ್ರಮಕ್ಕೂ ಹಂಚಬೇಕು. ಊರಿನಲ್ಲಿ ಕಮ್ಮಾರರಿದ್ದರೆ ಯಂತ್ರವನ್ನು ಅವರ ಕುಲುಮೆಯಲ್ಲಿಯೇ ಇಡುವುದು ಎಲ್ಲಕ್ಕಿಂತ ಉತ್ತಮ. ಯಂತ್ರದಿಂದ ಅವರ ದುಡಿಮೆ ಹೆಚ್ಚುತ್ತದೆ. ಅವರ ಕಣ್ಣಿನ ಕೆಳಗೆ ನಿಮ್ಮ ಕುಡುಗೋಲಿನ ಹದ ಉಳಿಯುತ್ತದೆ. ಯಂತ್ರ ತಂದೆವೆಂದು ಕಮ್ಮಾರನನ್ನು ಕೈಬಿಟ್ಟ ಊರಿಗೆ, ಕೆಟ್ಟ ಹದವನ್ನು ಕಟ್ಟಿಕೊಡುವವರು ಯಾರು?

ಆದುದರಿಂದ ರೈತ ಬಾಂಧವರೇ, ಹತ್ಯಾರು ನೋಡಿ ಬೆಲ್ಟು ಆರಿಸಿ, ಬೆಲ್ಟು ನೋಡಿ ಯಂತ್ರ ಆರಿಸಿ. ವೇಗ ಮಿತವಾಗಿರಲಿ, ನೀರು ಪಕ್ಕದಲ್ಲಿರಲಿ, ಕಿಡಿಯಿಂದ ಹುಲ್ಲು ದೂರವಿರಲಿ. ಬರುವ ಸುಗ್ಗಿಗೆ ನಿಮ್ಮ ಕುಡುಗೋಲುಗಳೆಲ್ಲ ಹರಿತವಾಗಿಯೂ ಹದವಾಗಿಯೂ ಹೊಲಕ್ಕೆ ಇಳಿಯಲಿ.